ಮೂರು ವೈಪರಿನ ಗಾಡಿ

ನಮ್ಮ ಮನಿ ಹಳೇ ಸ್ಕೂಟರಿನ ಜಗಳ ನಿಮಗೆಲ್ಲಾ ಗೊತ್ತೇ ಅದ. ಹೋದ ವರ್ಷ ನಮ್ಮನಿಯವ್ರಿಗೆ ಕಣ್ಣಿನ ಆಪರೇಷನ್ ಆದಾಗ "ಅಪ್ಪಾ, ಇನ್ನ ಸ್ಕೂಟರ್ ಸಾಕು" ಅಂತ ಮಗಳು ಫೋನಿನ್ಯಾಗ ಅಂದ್ರ, ನಾನೇ ಅವರ ಪರ ನಿಂತಿದ್ದೆ. "ಹಳೇದರ ಗಟ್ಟಿತನ ಹೊಸಾದಕ್ಕ ಎಲ್ಲಿ ಬರ್ತದ ಬಿಡ" ಅಂದಿದ್ದೆ.

ಈ ಬ್ಯಾಸಿಗ್ಯಾಗ ಇಂಗ್ಲೆಂಡಿನ ಕವೆಂಟ್ರಿಗೆ ಮಗಳ ಮನಿಗೆ ಹೋಗಿದ್ವಿ. ಅಳಿಯಂದ್ರು ಗೇಡನ್ ಅನ್ನೋ ಊರಿನ ಮೋಟಾರ್ ಮ್ಯೂಸಿಯಂ ತೋರಿಸಿದ್ರು. ಅಲ್ಲಿ ಜಾಗ್ವಾರ್ ಇ-ಟೈಪ್ ನೋಡಿ ನಮ್ಮವ್ರು ನಿಂತಲ್ಲೇ ನಿಂತ್ರು. 1961ರಾಗ ಬಂದ ಗಾಡಿ. ಉದ್ದನ್ನ ಮೂತಿ, ಸಣ್ಣ ಸಣ್ಣ ಮೂರು ವೈಪರ್, ಕಟ್ಟಿಗಿ ಸ್ಟಿಯರಿಂಗ್. ಹುಣಸಿಹಣ್ಣು ಹಚ್ಚಿ ತಿಕ್ಕಿದ ತಂಬಿಗಿ ಹಂಗ ಹೊಳೀತಿತ್ತು. ಆಗಿನ ಕಾಲಕ್ಕೇ ತಾಸಿಗೆ 240 ಕಿಲೋಮೀಟರ್ ಓಡ್ತದ ಅಂತ ಹೆಸರಾಗಿತ್ತಂತ.

ಹೊರಗ ಪಾರ್ಕಿಂಗಿನ್ಯಾಗ ಅದರ ಮೊಮ್ಮಗ ನಿಂತಿದ್ದ, ಎಫ್-ಟೈಪ್. 2013ರಾಗ ಮಾರಾಟಕ್ಕ ಬಂದದ್ದು. 2008ರಾಗ ಕಂಪನಿ ನಮ್ಮ ಟಾಟಾದವರ ಕೈಗೆ ಬಂದ ಮ್ಯಾಲಿನ ಕೂಸು. ನನಗಂತೂ ಅಜ್ಜನ ಮುಂದ ಮೊಮ್ಮಗ ಏನೂ ಅಲ್ಲ ಅನಿಸ್ತು. ಹಂಗೇ ಅಂದೆ.

ಅಳಿಯಂದ್ರು ನಕ್ಕರು. "ಅತ್ತಿಯವರ, ಚಂದದ ಮಾತು ಬ್ಯಾರೆ. ಹಸಿ ರಸ್ತೆದಾಗ ಗಾಬರಿಯಿಂದ ಬ್ರೇಕ್ ಒತ್ತಿದ್ರ ಹಳೇದರ ಗಾಲಿ ಬಿಗದು ಗಾಡಿ ಜಾರ್ತದ. ಹೊಸಾದು ತಾನೇ ಬ್ರೇಕ್ ಹಿಡದು ಬಿಟ್ಟು, ಹಿಡದು ಬಿಟ್ಟು ಸಂಭಾಳಸ್ತದ. ತಿರುವಿನ್ಯಾಗ ಜಾರಿದ್ರ ಬೇಕಾದ ಗಾಲಿಗಷ್ಟೇ ಬ್ರೇಕ್ ಹಾಕಿ ದಾರಿಗೆ ತರ್ಲಿಕ್ಕೆ ನೋಡ್ತದ. ಡಿಕ್ಕಿ ಆದ್ರ ಏರ್‌ಬ್ಯಾಗ್ ಅದ. ಹಳೇದ್ರಾಗ ಓಡ್ಸಾವ್ರ ಕಣ್ಣು, ಕೈ, ಕಾಲು, ಅಷ್ಟ."

ಕಣ್ಣು ಅಂದ ಕೂಡಲೆ ನನ್ನ ಎದಿ ಧಸಕ್ಕಂತು. ದೀಪಾವಳಿ ಮುಂದ ಸಂಜಿ ಹೊತ್ನ್ಯಾಗ ಹಂಪ್ ಕಾಣದ ಇವರು ಸ್ಕೂಟರ್ ಹಾರಿಸಿದ್ರು. ಹಿಂದ ಕೂತ ನಾನು ಬೀಳೋದು ಸ್ವಲ್ಪದ್ರಾಗ ತಪ್ಪಿತ್ತು. ಮಗಳಿಗೆ ಹೇಳಿರಲಿಲ್ಲ. ನಿಮಗೂ ಹೇಳಿರಲಿಲ್ಲ.

ಧಾರವಾಡಕ್ಕ ಬಂದ ಮರುದಿನ ಚಹಾ ಕೊಟ್ಟು, ಸಮಾಧಾನದಿಂದ ಹೇಳಿದೆ. "ನೋಡ್ರಿ, ಗಾಡಿನೂ ಹಳೇದು, ನಾವೂ ಹಳಬ್ರು. ಒಬ್ಬರ ತಪ್ಪು ಒಬ್ಬರು ಸಂಭಾಳಸೂ ಹಂಗಿಲ್ಲ." ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಮಾರ್ಕೆಟ್ಟಿಗೆ ತಾವೇ ಆಟೋ ಕರದ್ರು.

ಸ್ಕೂಟರ್ ಮಾರಿಲ್ಲ. ಅಂಗಳದಾಗ ನಿಂತದ, ರವಿವಾರಕ್ಕೊಮ್ಮೆ ಒರಸ್ತಾರ. ಅದು ನಮ್ಮನಿ ಮ್ಯೂಸಿಯಂ. ಬರ್ರಿ, ನೋಡಿ, ಚಹಾ ಕುಡದು ಹೋಗೀರಂತ.