ಋಣ ಘಾತವೂ ನೀರಿನ ಡ್ರಮ್ಮೂ



ನಿಮ್ಮಲ್ಲಿ ಹೆಚ್ಚಿನವರು ಗಣಿತವನ್ನು ಇಂಗ್ಲಿಷಿನಲ್ಲಿ ಕಲಿತವರು. ನಾನು ಊರಿನ ಕನ್ನಡ ಶಾಲೆಯಲ್ಲಿ ಕಲಿತವನು. ನಿಮ್ಮ 'ನೆಗೆಟಿವ್ ಎಕ್ಸ್‌ಪೊನೆಂಟ್' ನಮಗೆ 'ಋಣ ಘಾತಸೂಚಿ'. ಹೆಸರು ಬೇರೆ, ತಲೆನೋವು ಒಂದೇ.

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ಪುಸ್ತಕ ಹಿಡಿದು ಬಂದಳು. "ಅಪ್ಪಾ, 2⁻¹ ಅಂದ್ರೆ ಮೈನಸ್ 2 ಯಾಕಲ್ಲ?"

"ಕೆಳಗಿಳಿಸು, ಚಿಹ್ನೆ ಬದಲಿಸು. ಯಾಕೆ ಗೀಕೆ ಅಂತ ಕೇಳಬೇಡ" ಎಂದು ಗದರಿದೆ. ಅವಳು ಸುಮ್ಮನೆ ಎದ್ದು ಹೋದಳು. ನಿಜ ಹೇಳಬೇಕೆಂದರೆ ಕಾರಣ ನನಗೇ ಗೊತ್ತಿರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಸಿಟ್ಟು ಬೇಕಾಯಿತು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಳೆಯ ಲಕೋಟೆಯ ಹಿಂದೆ ಬರೆಯುತ್ತ ಕುಳಿತೆ: 2³ = 8, 2² = 4, 2¹ = 2. ಘಾತಸೂಚಿ ಒಂದೊಂದೇ ಇಳಿದಂತೆ ಬೆಲೆ ಅರ್ಧವಾಗುತ್ತದೆ. ಹಾಗೆಯೇ ಇಳಿಯುತ್ತ ಹೋದರೆ 2⁰ = 1, 2⁻¹ = 1/2, 2⁻² = 1/4. ಈ ಮೈನಸ್ ಸಾಲವನ್ನು ಹೇಳುವುದಿಲ್ಲ. ಗುಣಿಸುವ ಬದಲು ಭಾಗಿಸು ಎನ್ನುತ್ತದೆ. 1676ರಲ್ಲಿ ನ್ಯೂಟನ್ ಪತ್ರವೊಂದರಲ್ಲಿ 1/ಅ ಎಂಬುದನ್ನು ಅ⁻¹ ಎಂದು ಬರೆದದ್ದೂ ಇದೇ ಅರ್ಥದಲ್ಲಿ.

ಮರುದಿನ ಮಗಳನ್ನು ಕರೆದು, "ನಿನ್ನೆ ನನಗೂ ಗೊತ್ತಿರಲಿಲ್ಲ ಪುಟ್ಟಿ" ಎಂದು ಲಕೋಟೆ ತೋರಿಸಿದೆ. ಮುಖ ಅರಳಿತು. ಮುಂದಿನ ಲೆಕ್ಕ (ಕಾ⁻¹ + ನೀ⁻¹)⁻¹. ಅವಳ ಪುಸ್ತಕದಲ್ಲಿ ಎಕ್ಸ್, ವೈ ಇದ್ದವು. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಅವ್ಯಕ್ತ ರಾಶಿಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟಿದ್ದರು, ನಾನೂ ಅದನ್ನೇ ಬಳಸಿದ್ದೇನೆ. ಮಗಳು ಥಟ್ಟನೆ "ಕಾ + ನೀ" ಎಂದಳು.

ಈ ಸಲ ಗದರಲಿಲ್ಲ. ನಮ್ಮ ನೀರಿನ ಡ್ರಮ್ಮು ತೋರಿಸಿದೆ. "ಒಂದು ನಲ್ಲಿ ಇದನ್ನು 30 ನಿಮಿಷದಲ್ಲಿ ತುಂಬಿಸುತ್ತೆ, ಇನ್ನೊಂದು 60ರಲ್ಲಿ. ಎರಡನ್ನೂ ಬಿಟ್ಟರೆ? ನಿನ್ನ ಪ್ರಕಾರ 90!"

"ಒಂದೇ ನಲ್ಲಿಗಿಂತ ನಿಧಾನನಾ?" ಎಂದು ನಕ್ಕಳು.

30⁻¹ ಎಂದರೆ ಮೊದಲ ನಲ್ಲಿ ಒಂದು ನಿಮಿಷಕ್ಕೆ ತುಂಬುವ ಪಾಲು, 1/30. ಇನ್ನೊಂದರದು 1/60. ಕೂಡಿದರೆ 1/20. ಹೊರಗಿನ ಋಣ ಘಾತ ಅದನ್ನು ತಿರುಗಿಸುತ್ತದೆ: 20 ನಿಮಿಷ. ಅಕ್ಷರಗಳಲ್ಲಿ ಹೇಳುವುದಾದರೆ ಉತ್ತರ (ಕಾ × ನೀ)/(ಕಾ + ನೀ). 1800ನ್ನು 90ರಿಂದ ಭಾಗಿಸಿ ನೋಡಿ, ಅದೇ 20. ಆವರಣದೊಳಗೆ ಗುಣಾಕಾರವಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ತಿರುಗಿಸಬಹುದು: (ಕಾ⁻¹ × ನೀ⁻¹)⁻¹ = ಕಾ × ನೀ. ಸಂಕಲನವಿದ್ದರೆ ಮೊದಲು ಕೂಡಿಸಬೇಕು, ಆಮೇಲೆ ತಿರುಗಿಸಬೇಕು.

ಮಿತ್ರರೇ, ನೀವು "ಯಾಕೆ" ಎಂದಾಗ ಮನೆಯ ಹಿರಿಯರು ಗದರಿದರೆ ಬೇಸರಿಸಬೇಡಿ. ಬಹುಶಃ ಅವರಿಗೂ ಗೊತ್ತಿಲ್ಲ. ಒಂದು ಹಳೆಯ ಲಕೋಟೆ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಳ್ಳಿ.