ಮೈಸೂರಿನಲ್ಲಿ ಎರಡು ಜೊತೆ ಮಂಡಿಗಳು

ಶಿವಮೊಗ್ಗದಿಂದ ಮೈಸೂರಿಗೆ ಹೊರಟ ರೈಲು ಅರಸೀಕೆರೆ ದಾಟುವ ಹೊತ್ತಿಗೆ ನನ್ನ ಬಲಮಂಡಿ ಮಾತಾಡಲು ಶುರುಮಾಡಿತ್ತು. ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತರೆ ಅದಕ್ಕೆ ಸಿಟ್ಟು. ಎದ್ದು ಬಾಗಿಲವರೆಗೆ ಓಡಾಡಿ ಬಂದೆ. ಎದುರು ಸೀಟಿನಲ್ಲಿ ಒಂಬತ್ತನೆಯ ತರಗತಿಯ ಮಗಳು ಕಾಲು ನೀಡಿಕೊಂಡು ಪಾಠದ ಪುಸ್ತಕ ಹಿಡಿದಿದ್ದಳು. ಆ ನೀಡಿದ ಕಾಲು ನನ್ನ ಗಮನಕ್ಕೆ ಬರಲಿಲ್ಲ. ಬರಬೇಕಿತ್ತು.

ಪ್ರಯಾಣಕ್ಕೆ ಕಾರಣ ಎರಡಿದ್ದವು. ಐವತ್ತು ದಾಟಿದ ಮೇಲೆ ನಾನು ಪುಸ್ತಕ ನೋಡಿಕೊಂಡು ಮನೆಯಲ್ಲೇ ಯೋಗ ಶುರುಮಾಡಿದ್ದೆ. ಮೂರನೆಯ ವಾರ ಪದ್ಮಾಸನಕ್ಕೆ ಕೈಹಾಕಿ, ಬಲಗಾಲನ್ನು ಎಡತೊಡೆಯ ಮೇಲೆ ಎಳೆದಿಟ್ಟಾಗ ಮಂಡಿಯೊಳಗೆ 'ಕಟ್' ಎಂದಿತು. ಅಂದಿನಿಂದ ಮೆಟ್ಟಿಲೆಂದರೆ ಭಯ. ಇನ್ನೊಂದು ಕಾರಣ ಮಗಳದು. ಶಾಲೆಯ ಯೋಗಾಸನ ತಂಡಕ್ಕೆ ಆಯ್ಕೆಯಾಗಿದ್ದಳು, ತಾಲ್ಲೂಕು ಸ್ಪರ್ಧೆಗೆ ತಿಂಗಳೊಪ್ಪತ್ತು ಉಳಿದಿತ್ತು. ಹೆಂಡತಿಯ ಚಿಕ್ಕಮ್ಮ ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ. ಮನೆಯ ಹಜಾರದಲ್ಲೇ ಹತ್ತಾರು ವರ್ಷ ಹೆಂಗಸರಿಗೆ, ಮಕ್ಕಳಿಗೆ ಯೋಗ ಹೇಳಿಕೊಟ್ಟವರು. ನನ್ನ ಮಂಡಿಯನ್ನೂ ಮಗಳ ಪದ್ಮಾಸನವನ್ನೂ ಒಟ್ಟಿಗೇ ತೋರಿಸಿಬಿಡೋಣ ಎಂಬುದು ನನ್ನ ಲೆಕ್ಕ.

ಹಾಸನದಲ್ಲಿ ರೈಲು ನಿಂತಾಗ ಮಗಳಿಗೆ ಒಂದು ಕಥೆ ಹೇಳಿದೆ. ಹಾಸನದ ಪಕ್ಕದ ಕೌಶಿಕ ಎಂಬ ಊರಿನಲ್ಲಿ 1915ರಲ್ಲಿ ಹುಟ್ಟಿದ ಹುಡುಗ ಪಟ್ಟಾಭಿ ಜೋಯಿಸ್. ಹನ್ನೆರಡನೆಯ ವಯಸ್ಸಿಗೆ ಹಾಸನದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಆಸನ ಪ್ರದರ್ಶನ ನೋಡಿ ಮರುಳಾದವನು ಮುಂದೆ ಮೈಸೂರು ಸೇರಿ, ಅದೇ ವಿದ್ಯೆಯನ್ನು ಲೋಕಕ್ಕೆಲ್ಲ ಹಂಚಿದ. "ಅವನಿಗೆ ಮಂಡಿ ನೋವು ಇರಲಿಲ್ಲವಾ ಅಪ್ಪ?" ಎಂದು ಕೇಳಿದಳು. ನಾನು ನಕ್ಕೆ. ಆ ಪ್ರಶ್ನೆಯಲ್ಲೇ ಉತ್ತರವಿತ್ತೆಂದು ಆಗ ಹೊಳೆಯಲಿಲ್ಲ.

ಮೈಸೂರಿನಲ್ಲಿ ಇಳಿದವರು ನೇರ ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಕಟ್ಟಿದ ಈ ಅರಮನೆಗೆ ಜನ ಬರುವುದು ಚಿತ್ರಶಾಲೆಗಾಗಿ, ರವಿವರ್ಮನ ಚಿತ್ರಗಳಿಗಾಗಿ, ಕೈಯಲ್ಲಿ ದೀಪ ಹಿಡಿದು ನಿಂತ ಹಲ್ದಂಕರರ ಹೆಂಗಸಿನ ಮುಂದೆ ನಿಂತು ಬೆರಗಾಗುವುದಕ್ಕಾಗಿ. ನಾವು ಹುಡುಕಿಕೊಂಡು ಹೋದದ್ದು ಬೇರೆಯದನ್ನು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾದದ್ದು ಈ ಅರಮನೆಯಲ್ಲಿ. ಅವರು 'ಯೋಗ ಮಕರಂದ'ವನ್ನು ಬರೆದು 1934ರಲ್ಲಿ ಪ್ರಕಟಿಸಿದ್ದು ಕನ್ನಡದಲ್ಲಿ. ಇಂದು ದೇಶವಿದೇಶಗಳಲ್ಲಿ ನಡೆಯುವ ಆಸನಾಭ್ಯಾಸದ ದೊಡ್ಡ ಪಾಲಿನ ಮೂಲ ಹುಡುಕಿದರೆ ಈ ಅಂಗಳಕ್ಕೇ ಬಂದು ನಿಲ್ಲಬೇಕು. 1950ರಲ್ಲಿ ಶಾಲೆ ಮುಚ್ಚಿತು. "ಯೋಗಶಾಲೆ ಎಲ್ಲಿತ್ತು?" ಎಂದು ಕಾವಲಿನವನನ್ನು ಕೇಳಿದರೆ, "ಯೋಗಾನಾ? ಗೋಕುಲಂಗೆ ಹೋಗಿ ಸಾರ್, ಫಾರಿನ್‌ನವರೆಲ್ಲ ಅಲ್ಲೇ ಇರೋದು" ಎಂದು ಆಟೋ ನಿಲ್ಲುವ ಕಡೆ ಕೈ ತೋರಿಸಿದ. ತಪ್ಪೇನೂ ಹೇಳಲಿಲ್ಲ. ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ನಡೆಸುತ್ತಿದ್ದ ಶಾಲೆ 2002ರಲ್ಲಿ ಗೋಕುಲಂಗೆ ಹೋದ ಮೇಲೆ ಆ ಬಡಾವಣೆಯ ಎಳನೀರಿನ ಗಾಡಿಯವರಿಗೂ ಹತ್ತು ದೇಶದ ನಮಸ್ಕಾರಗಳು ಗೊತ್ತು.

ಅಂಗಳದ ನೆರಳಿನಲ್ಲಿ ಕೂತು ಮಗಳಿಗೆ ಬೆಳ್ಳೂರಿನ ಹುಡುಗನ ಕಥೆಯನ್ನೂ ಹೇಳಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಾರಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರು. ಮಲೇರಿಯಾ, ಟೈಫಾಯಿಡ್, ಕ್ಷಯ, ಎಲ್ಲವೂ ಆ ಸಣಕಲು ಮೈಯನ್ನು ಹಿಂಡಿದ್ದವು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರು 1934ರಲ್ಲಿ ಮೈಸೂರಿಗೆ ಕರೆಸಿಕೊಂಡರು. ಅತಿಥಿಯೊಬ್ಬರ ಎದುರು ಗುರುಗಳ ಆಜ್ಞೆಯಂತೆ, ಹಿಂದೆಂದೂ ಮಾಡದಿದ್ದ ಹನುಮಾನಾಸನ ಮಾಡಿ ತೋರಿಸಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡು, ಬಹುಕಾಲ ನಡೆಯಲು ಕಷ್ಟಪಟ್ಟದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದವರು ಅಲ್ಲಿ ಇಟ್ಟಿಗೆ, ಹಗ್ಗ, ಬೆಲ್ಟು, ಕುರ್ಚಿಗಳನ್ನು ಆಸನಕ್ಕೆ ಊರುಗೋಲಾಗಿ ತಂದರು. ಬಗ್ಗದ ಮೈಯನ್ನು ನೆಲಕ್ಕೆ ಒತ್ತುವ ಬದಲು ನೆಲವನ್ನೇ ಮೈಯ ಹತ್ತಿರಕ್ಕೆ ಎತ್ತಿಕೊಡುವ ಉಪಾಯ ಅದು. ತಾವೇ ನೋವುಂಡವರಿಗೆ ಮಾತ್ರ ಹೊಳೆಯುವಂಥದ್ದು ಎಂದು ನನಗೆ ಅನ್ನಿಸುತ್ತದೆ.

ಸಂಜೆ ಸರಸ್ವತಿಪುರಂ ಸೇರಿದೆವು. ಹಳೆಯ ಕಾಲದ ಮನೆ, ಕೆಂಪು ಗಾರೆ ನೆಲ, ಹಜಾರದ ಒಂದು ಗೋಡೆ ಪೂರ್ತಿ ಖಾಲಿ. ಮಗಳು ಚಿಕ್ಕಮ್ಮನವರ ಕಾಲಿಗೆ ನಮಸ್ಕಾರ ಮಾಡಿದಳು. ಆಶೀರ್ವಾದ ಮಾಡುವ ಮೊದಲೇ ಚಿಕ್ಕಮ್ಮ ಕೇಳಿದರು:

"ಯಾಕೆ ಮಗು, ಎಡಮಂಡಿ ಊರಲಿಲ್ಲ?"

"ಏನಿಲ್ಲ ಅಜ್ಜಿ."

"ಏನಿಲ್ಲದೆ ಯಾರಾದರೂ ಒಂದು ಕೈ ಊರಿ, ಕಾಲು ಹಿಂದಕ್ಕೆ ಚಾಚಿ ನಮಸ್ಕಾರ ಮಾಡ್ತಾರಾ? ಬಾ ಇಲ್ಲಿ."

ಮಂಚದ ಮೇಲೆ ಕೂರಿಸಿ, ಮಂಡಿಚಿಪ್ಪಿನ ಕೆಳಗೆ ಕಾಲಿನ ಮೂಳೆ ಉಬ್ಬಿರುವ ಜಾಗದಲ್ಲಿ ಬೆರಳಿಟ್ಟರು. ಮಗಳು ಹೌಹಾರಿದಳು. ಎರಡು ತಿಂಗಳಿಂದ ನೋವಂತೆ. ಖೋಖೋ ಆಡಿದ ದಿನ ಹೆಚ್ಚಂತೆ. ವಜ್ರಾಸನದಲ್ಲಿ, ಉಷ್ಟ್ರಾಸನದಲ್ಲಿ ಮಂಡಿ ಊರಿದರೆ ಜೀವ ಹೋದಂತಾಗುವುದಂತೆ. ಪದ್ಮಾಸನದಲ್ಲಿ ಮಂಡಿಯ ಒಳಮೈಯೂ ಹಿಡಿಯುವುದಂತೆ. "ಹೇಳಿದರೆ ಟೀಮಿನಿಂದ ತೆಗೀತಾರೆ" ಎಂದು ಸುಮ್ಮನಿದ್ದಳಂತೆ.

ನನಗೆ ನೆನಪಾದದ್ದು ನಮ್ಮ ಮನೆಯ ಹಜಾರ. ಪದ್ಮಾಸನದಲ್ಲಿ ಅವಳ ಎಡಮಂಡಿ ನೆಲದಿಂದ ನಾಲ್ಕು ಬೆರಳು ಮೇಲೇ ನಿಲ್ಲುತ್ತಿತ್ತು. 'ಇನ್ನೊಂಚೂರು, ಇನ್ನೊಂಚೂರು' ಎನ್ನುತ್ತಾ ದಿನಾ ಬೆಳಿಗ್ಗೆ ಅದನ್ನು ಅಂಗೈಯಿಂದ ಒತ್ತುತ್ತಿದ್ದವನು ನಾನೇ. ಅವಳು ತುಟಿ ಕಚ್ಚಿಕೊಳ್ಳುವುದನ್ನು ಏಕಾಗ್ರತೆ ಎಂದುಕೊಂಡಿದ್ದೆ. ಚಿಕ್ಕಮ್ಮನ ಮುಂದೆ ಅದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

"ಅಡುಗೆಮನೆಗೆ ಬನ್ನಿ" ಎಂದರು. ಮೂಲೆಯಲ್ಲಿ ಒರಳುಕಲ್ಲು. "ಗುಂಡು ತಿರುಗಿಸಿ. ಹೇಗೆ ಬೇಕಾದರೂ ತಿರುಗುತ್ತಲ್ಲ? ನಿಮ್ಮ ತೊಡೆ ಸೊಂಟಕ್ಕೆ ಸೇರೋ ಜಾಗ ಹೀಗೆ. ಈಗ ಈ ಬಾಗಿಲು ನೋಡಿ. ತೆರೀಬಹುದು, ಮುಚ್ಚಬಹುದು. ತಿರುಚೋಕೆ ಹೋದರೆ ಕೀಲು ಕಿತ್ತು ಬರುತ್ತೆ. ಮಂಡಿ ಹೆಚ್ಚುಕಮ್ಮಿ ಬಾಗಿಲು. ಪದ್ಮಾಸನದಲ್ಲಿ ತಿರುಗಬೇಕಾದ್ದು ಒರಳಿನ ಗುಂಡು. ಅದು ತಿರುಗದಿದ್ದಾಗ ನೀವು ಬಾಗಿಲನ್ನು ತಿರುಚಿದಿರಿ, ನಿಮ್ಮದನ್ನೂ, ಅವಳದ್ದನ್ನೂ."

ಆಮೇಲೆ ಓದಿ ತಿಳಿದದ್ದೂ ಅದೇ. ಮಂಡಿಯೊಳಗೆ ತೊಡೆಮೂಳೆಗೂ ಕಾಲಮೂಳೆಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತನೆಯ ಬಿಲ್ಲೆಗಳಿವೆ. ಮಡಿಸಿದ ಮಂಡಿಯನ್ನು ಬಲವಂತವಾಗಿ ತಿರುಚಿದರೆ ಅವು ಸಿಕ್ಕಿ ಹರಿಯಬಹುದು. ವಯಸ್ಸಾದಂತೆ ಸವೆದ ಬಿಲ್ಲೆ ಸಣ್ಣ ಒತ್ತಡಕ್ಕೂ ಹರಿಯುವುದುಂಟು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ನಮ್ಮ ಪಾಠ. ಸಾಮಾನುಗಳಿಷ್ಟೇ: ಕೈಯಿಲ್ಲದ ಒಂದು ಕುರ್ಚಿ ಗೋಡೆಗೆ ಆನಿಸಿ, ಎರಡು ಕಂಬಳಿ, ಒಂದು ಟವಲು, ಒಂದು ಹಳೆಯ ನೂಲಿನ ಸೀರೆ. ಜಾರುವ ಟೈಲ್ಸ್ ನೆಲದ ಮೇಲೆ ಜಮಖಾನ ಹಾಸಬೇಡಿ, ರಬ್ಬರ್ ಚಾಪೆ ಹಾಕಿ ಎಂದರು. ಕಾಲುಚೀಲ ಕೂಡದು.

ಮೊದಲು ಗೋಡೆಗೆ ಬೆನ್ನು ಕೊಟ್ಟು, ಮಡಿಸಿದ ಕಂಬಳಿಯ ಮೇಲೆ ಕೂತು ಕಾಲು ನೀಡುವುದು. ದಂಡಾಸನವೇ, ಆದರೆ ಮಂಡಿಯ ಕೆಳಗೆ ಸುತ್ತಿದ ಟವಲು. ಅದನ್ನು ಮಂಡಿಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು, ಹತ್ತು ಸಲ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾಗುವುದು ಕೈಗೇ ತಿಳಿಯುತ್ತದೆ. "ಮಂಡಿಗೆ ಮನೆಯೊಳಗೆ ಎಣ್ಣೆ ಹಚ್ಚೋದಕ್ಕಿಂತ ಮನೆಯ ಕಂಬ ಗಟ್ಟಿ ಮಾಡಬೇಕು. ಕಂಬ ಅಂದರೆ ಈ ಸ್ನಾಯು." ಇಷ್ಟು ಸುಲಭವಾದದ್ದನ್ನು ಯೋಗ ಎನ್ನಬಹುದೇ ಎಂದು ನನಗೆ ಅನುಮಾನ. ಮೂರನೆಯ ದಿನ ತೊಡೆ ನಡುಗಿದಾಗ ಅನುಮಾನ ಹೋಯಿತು.

ಆಮೇಲೆ ಅಂಗಾತ ಮಲಗಿ ಸೀರೆಯನ್ನು ಅಂಗಾಲಿಗೆ ಸುತ್ತಿ ಒಂದೊಂದೇ ಕಾಲು ಮೇಲೆತ್ತುವುದು. ಮಂಡಿ ಕೊಂಚ ಬಾಗಿದರೂ ಚಿಂತೆಯಿಲ್ಲ. ಹಾಗೇ ಮಲಗಿ ಪಾದ ಊರಿ ಸೊಂಟ ಎತ್ತುವ ಸೇತುಬಂಧ. ಎರಡು ಮಂಡಿಗಳ ನಡುವೆ ಪಾದಗಳ ನಡುವಿನಷ್ಟೇ ಅಂತರ, ಹೊರಕ್ಕೆ ಚೆಲ್ಲಬಾರದು. ನಿಂತಾಗ ಮಂಡಿಯನ್ನು ಹಿಂದಕ್ಕೆ ತಳ್ಳಿ ಬೀಗ ಹಾಕಿದಂತೆ ನಿಲ್ಲಬಾರದು. ನಾನು ಜೀವಮಾನವೆಲ್ಲ ಹಾಗೇ ನಿಂತಿದ್ದೆ. ವೀರಭದ್ರಾಸನಕ್ಕೆ ಕುರ್ಚಿಯ ಬೆನ್ನು ಹಿಡಿದು, ಬಾಗಿದ ಮಂಡಿ ಹಿಮ್ಮಡಿಯಿಂದ ಮುಂದೆ ಹೋಗದಂತೆ, ಕಾಲಿನ ಎರಡನೆಯ ಬೆರಳಿನ ನೇರಕ್ಕೇ ಇರುವಂತೆ ನೋಡಿಕೊಳ್ಳಬೇಕು. ಒಳಕ್ಕೆ ವಾಲಿದ ಮಂಡಿಯೇ ಮುನಿಯುವ ಮಂಡಿ. ತೊಡೆ ನೆಲಕ್ಕೆ ಸಮನಾಗಲೇಬೇಕೆಂಬ ಹಟ ಬೇಡ, ಅರ್ಧಕ್ಕೆ ನಿಂತರೆ ಸಾಕು.

ಕೂರುವ ಆಸನದಲ್ಲಿ ಎತ್ತರ ಮುಖ್ಯ. ಸೊಂಟಕ್ಕಿಂತ ಮಂಡಿ ಮೇಲಿದ್ದರೆ ಕಂಬಳಿ ಇನ್ನೊಂದು ಮಡಿಕೆ. ಗಾಳಿಯಲ್ಲಿ ತೂಗುವ ಮಂಡಿಯ ಕೆಳಗೂ ಕಂಬಳಿ ತುರುಕಬೇಕು. ಅದೂ ಆಗದಿದ್ದರೆ ಕುರ್ಚಿ. ಪ್ರಾಣಾಯಾಮಕ್ಕೆ ಬೆನ್ನು ನೇರವಿರಬೇಕೇ ಹೊರತು ಕಾಲು ಗಂಟು ಹಾಕಿರಬೇಕೆಂದಿಲ್ಲ. ನೆಲದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕುರ್ಚಿಗೆ ಕೈ ಊರಿ ಏಳಬೇಕು. ನಮ್ಮಂಥವರಿಗೆ ಪದ್ಮಾಸನ ಪಟ್ಟಿಯಲ್ಲೇ ಇಲ್ಲ.

"ನೋವು ಯಾವುದು, ಎಳೆತ ಯಾವುದು ಅಂತ ಗೊತ್ತಾಗೋದು ಹೇಗೆ ಅಜ್ಜಿ?" ಎಂದು ಮಗಳು ಕೇಳಿದಳು.

"ಎಳೆತ ಮಾಂಸಖಂಡದ ಮಧ್ಯೆ ಇರುತ್ತೆ, ಉಸಿರು ಬಿಟ್ಟರೆ ಸಡಿಲಾಗುತ್ತೆ. ನೋವು ಕೀಲಿನಲ್ಲಿ ಚುಚ್ಚುತ್ತೆ, ಉಸಿರನ್ನೇ ಹಿಡಿಸುತ್ತೆ. ಅನುಮಾನ ಬಂದರೆ ಮಾರನೇ ದಿನ ಬೆಳಿಗ್ಗೆ ಕೇಳು. ನಿನ್ನೆಗಿಂತ ಹೆಚ್ಚು ನೋವು, ಊತ ಇದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯ್ತು." ಮಂಡಿ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿದ್ದರೆ, ನಡೆಯುವಾಗ ಕುಸಿದರೆ, ಬಿದ್ದು ಊದಿಕೊಂಡರೆ, ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಭಾರ ಹಾಕಲು ಆಗದಿದ್ದರೆ ಯಾವ ಆಸನವೂ ಬೇಡ, ಡಾಕ್ಟರ ಹತ್ತಿರ ಹೋಗಿ ಎಂದರು. "ಇವಳನ್ನಂತೂ ಊರಿಗೆ ಹೋದ ಕೂಡಲೇ ತೋರಿಸಿ. ನಾನು ಡಾಕ್ಟರಲ್ಲ."

ಮೈಸೂರಿಗೆ ಬಂದು ಬೆಟ್ಟಕ್ಕೆ ಹೋಗದಿರುವುದುಂಟೆ. ಸಾವಿರ ಮೆಟ್ಟಿಲು ಹತ್ತುವುದು ಇಬ್ಬರ ಆಸೆಯೂ ಆಗಿತ್ತು. ಚಿಕ್ಕಮ್ಮ ಒಪ್ಪಲಿಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕೆಟ್ಟದ್ದು, ಒಂದೊಂದು ಮೆಟ್ಟಿಲಿಗೂ ಮೈತೂಕದ ಹಲವು ಪಟ್ಟು ಹೊರೆ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಬಸ್ಸಿನಲ್ಲಿ ಹೋಗಿ ದೇವಿಯ ದರ್ಶನ ಮಾಡಿ, ಆಟೋ ಹಿಡಿದು ನಂದಿಯ ಬಳಿ ಇಳಿದೆವು. ಮೆಟ್ಟಿಲು ಕಟ್ಟಿಸಿದ ದೊಡ್ಡದೇವರಾಜ ಒಡೆಯರ ಕಾಲದ್ದೇ ಈ ನಂದಿ. ಹದಿನೇಳನೆಯ ಶತಮಾನದಿಂದ, ಎಣ್ಣೆ ಕುಡಿದು ಕಪ್ಪಾಗಿ, ಕಾಲು ಮಡಿಸಿ ಕೂತಲ್ಲಿಂದ ಎದ್ದಿಲ್ಲ. "ಇದರ ಮಂಡಿಗೆ ಏನೂ ಆಗಿಲ್ಲ ನೋಡಪ್ಪ" ಎಂದಳು ಮಗಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಕಾಲೇಜು ಹುಡುಗರ ಗುಂಪೊಂದು ನಮ್ಮ ಪಕ್ಕದಲ್ಲೇ ದಡದಡನೆ ಮೆಟ್ಟಿಲಿಳಿದು ಹೋಯಿತು. ಅವಳು ತಿರುವಿನವರೆಗೂ ಅವರನ್ನೇ ನೋಡುತ್ತಿದ್ದಳು.

ಶಿವಮೊಗ್ಗದ ಮೂಳೆ ವೈದ್ಯರು ಚಿಕ್ಕಮ್ಮ ಬೆರಳಿಟ್ಟ ಜಾಗದಲ್ಲೇ ಬೆರಳಿಟ್ಟರು. ಬೆಳೆಯುವ ವಯಸ್ಸಿನಲ್ಲಿ, ಓಡಿ ಹಾರಿ ಆಡುವ ಮಕ್ಕಳಲ್ಲಿ ಕಾಣಿಸಿಕೊಳ್ಳುವ ತೊಂದರೆ. ಆಸ್‌ಗುಡ್-ಶ್ಲಾಟರ್ ಎನ್ನುತ್ತಾರಂತೆ. ತೊಡೆಯ ಮುಂದಿನ ಸ್ನಾಯು ಮಂಡಿಚಿಪ್ಪಿನ ಮೂಲಕ ಹಾದು ಕಾಲಮೂಳೆಯ ಆ ಉಬ್ಬಿಗೆ ಅಂಟಿಕೊಂಡಿರುತ್ತದೆ. ಅಲ್ಲಿನ ಎಲುಬು ಇನ್ನೂ ಎಳೆಯದು, ಮತ್ತೆ ಮತ್ತೆ ಎಳೆದರೆ ಊದಿ ನೋಯುತ್ತದೆ. ಬೆಳವಣಿಗೆ ಮುಗಿಯುತ್ತಿದ್ದಂತೆ ಸಾಮಾನ್ಯವಾಗಿ ತಾನೇ ಶಮನವಾಗುತ್ತದೆ. ಅಲ್ಲಿಯವರೆಗೆ ನೋಯಿಸುವ ಆಟ ಕಡಿಮೆ, ಮಂಡಿ ಊರುವ ಆಸನ ಬೇಡ, ತೊಡೆಯ ಸ್ನಾಯುಗಳಿಗೆ ಸೌಮ್ಯವಾದ ವ್ಯಾಯಾಮ. ಒಳಮೈಯ ನೋವಿಗೆ ಕಾರಣ ಕೇಳಿದಾಗ ನಾನೇ ಹೇಳಿದೆ. "ಸದ್ಯ ಹರಿದಿಲ್ಲ. ಇನ್ನು ಒತ್ತಬೇಡಿ" ಎಂದರು, ಅಷ್ಟೇ. ನನ್ನದಕ್ಕೆ ಸವೆತ ಶುರುವಾಗಿದೆಯಂತೆ, ತೂಕ ಇಳಿಸಿ ಎಂದರು.

ಸ್ಪರ್ಧೆಗೆ ಅವಳು ಹೋಗಲಿಲ್ಲ. ಶಾಲೆಗೆ ಹೋಗಿ ತಂಡದಿಂದ ಹೆಸರು ತೆಗೆಸಿದವನು ನಾನು. ಎರಡು ದಿನ ನನ್ನೊಡನೆ ಮಾತಿರಲಿಲ್ಲ. ಸ್ಪರ್ಧೆಯ ದಿನ ಗೆಳತಿಯರಿಗೆ ಚಪ್ಪಾಳೆ ತಟ್ಟಲು ಹೋಗಿ ಸಂಜೆ ಸುಸ್ತಾಗಿ ಬಂದಳು. ಯಾರು ಗೆದ್ದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಬೆಳಿಗ್ಗೆ ಆರಕ್ಕೆ ಹಜಾರದ ಗೋಡೆಗೆ ಒಬ್ಬರ ಪಕ್ಕ ಒಬ್ಬರು ಬೆನ್ನು ಕೊಟ್ಟು ಕಾಲು ನೀಡಿ ಕೂರುತ್ತೇವೆ. ಮಂಡಿಗಳ ಕೆಳಗೆ ಟವಲಿನ ಸುರುಳಿ. ಐದರವರೆಗೆ ಎಣಿಸುವ ಕೆಲಸ ಅವಳದು. ನನ್ನ ಸರದಿ ಬಂದಾಗ ಬೇಕೆಂದೇ ನಿಧಾನವಾಗಿ ಎಣಿಸುತ್ತಾಳೆ.