ಕೋಟಿಯೋ? ಪುಸ್ತಕವೋ?

ನಮ್ಮ ಭದ್ರಾವತಿ ಮನೇಲಿ ಕ್ವಿಜ್ ಅಂದ್ರೆ ಒಂದೇ, ಚಂದನ ವಾಹಿನಿಯ 'ಥಟ್ ಅಂತ ಹೇಳಿ'. 2002ರಲ್ಲಿ ಶುರುವಾಗಿದ್ದು. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳೋದು, ಸರಿ ಉತ್ತರಕ್ಕೆ ಕನ್ನಡ ಪುಸ್ತಕ ಕೊಡೋದು. ಅಪ್ಪ ಕಾರ್ಖಾನೆಯಿಂದ ಬಂದು ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಕೂಗ್ತಿದ್ರು. ತಪ್ಪಾದ್ರೆ "ಪ್ರಶ್ನೆನೇ ಸರಿ ಇಲ್ಲ" ಅನ್ನೋರು :)

2012ರಲ್ಲಿ ಸುವರ್ಣದಲ್ಲಿ 'ಕನ್ನಡದ ಕೋಟ್ಯಧಿಪತಿ' ಬಂತು ನೋಡಿ, ಶಿವಮೊಗ್ಗದ ಚಿಕ್ಕಪ್ಪನ ಮನೇಲಿ ಹಬ್ಬ! ಪುನೀತ್ ಎದುರಿಗೆ ಕೂತವರನ್ನ ನಗಿಸ್ತಾ, ತಾವೂ ನಗ್ತಾ ಕೇಳೋರು. ಚಿಕ್ಕಮ್ಮನಿಗೆ ಪ್ರಶ್ನೆಗಿಂತ ಅಪ್ಪು ಮಾತೇ ಇಷ್ಟ. ಒಂದು ಭಾನುವಾರ ನಾವು ಅಲ್ಲಿಗೆ ಹೋದಾಗ ಅಪ್ಪನೂ ನೋಡಿದ್ರು. ಉತ್ತರ ಹೇಳೋ ಮುಂಚೆ ಜಾಹೀರಾತು ಬಂದಿದ್ದೇ ತಡ, "ಎಂಥ ಮಾರಾಯ ಇದು, ಥಟ್ ಅಂತ ಹೇಳೋಕಾಗಲ್ವಾ?" ಅಂದ್ರು. ಮನೆಯೆಲ್ಲಾ ಬಿದ್ದು ಬಿದ್ದು ನಕ್ಕಿತು.

ಆದ್ರೆ ನನಗೆ ನೆನಪಿರೋದು ಅಜ್ಜಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದ್ರಂತೆ. ಮಹಾಭಾರತದ ಪ್ರಶ್ನೆ ಬಂದ್ರೆ ಅಡುಗೆಮನೆಯಿಂದ, ಒಗ್ಗರಣೆ ಸದ್ದಿನ ಮಧ್ಯೆನೇ ಉತ್ತರ ಬರೋದು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಆ ಥರದ ಪ್ರಶ್ನೆ ಬಂದಾಗ ಮಕ್ಕಳೇ ಓಡಿಹೋಗಿ ಕೇಳೋಕೆ ಶುರು ಮಾಡಿದ್ವು. ಅಲ್ಲೀತನಕ ಆ ಮನೇಲಿ ಅಜ್ಜಿಗೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ಅದು "ಊಟಕ್ಕೇನು?" ಅನ್ನೋದೊಂದೇ.

ಕೋಟಿ ದೊಡ್ಡದಾ, ಪುಸ್ತಕ ದೊಡ್ಡದಾ ಅಂತ ಅಪ್ಪ, ಚಿಕ್ಕಪ್ಪ ಈಗಲೂ ವಾದ ಮಾಡ್ತಾರೆ. ನಂಗನ್ಸೋದು, ಎರಡೂ ಅಲ್ಲ. ನಿಮಗೂ ಏನೋ ಗೊತ್ತಿದೆ ಅಂದ್ಕೊಂಡು ಯಾರಾದ್ರೂ ಕೇಳೋದಿದೆಯಲ್ಲ, ಅದು ದೊಡ್ಡದು.

2021ರಲ್ಲಿ ಪುನೀತ್ ಹೋದಾಗ ಅಜ್ಜಿ ಟಿವಿ ಮುಂದೆ ಕೂತು, "ನಗ್ತಾ ನಗ್ತಾ ಕೇಳ್ತಿದ್ದ ಹುಡುಗ" ಅಂತಷ್ಟೇ ಅಂದ್ರು.

ನಿಮ್ಮನೇಲಿ ಅಡುಗೆಮನೆಯಿಂದ ಉತ್ತರ ಕೊಡೋರು ಯಾರು? ಥಟ್ ಅಂತ ಹೇಳಿ!